ಜೇಬೆಜನ ಓಟು, ಮೆಹಿಟಬೆಲಳ ಹೊಲ

ಇಂಗ್ಲೆಂಡಿನ ರಾಜನ ಸೈನ್ಯವನ್ನು ಒದ್ದೋಡಿಸಿದ್ದು ಜೇಬೆಜ್ ಒಬ್ಬನೇ. ಉಳಿದವರು ಸುಮ್ಮನೆ ಜೊತೆಗಿದ್ದರು. ಆ ಗದ್ದಲದಲ್ಲಿ ಅವನ ಒಂದು ಕಾಲ್ಬೆರಳು ಹೋಯಿತು. ಆದರೇನು? ನಮ್ಮ ನ್ಯೂಜೆರ್ಸಿಯಲ್ಲಿ ಐವತ್ತು ಪೌಂಡಿನ ಆಸ್ತಿಯಿಲ್ಲದವನಿಗೆ ಓಟಿಲ್ಲ. ಅಷ್ಟಿದ್ದರೆ ಗಂಡನಿಲ್ಲದ ಹೆಂಗಸಿಗೂ ಓಟುಂಟು. ಪೀಪಾಯಿ ಮಾಡುವ ಜೇಬೆಜನಿಗಿದ್ದದ್ದು ಒಂದು ಸುತ್ತಿಗೆ, ಒಂದು ಕುಂಟು ಹಸು. ಮದುವೆಯಾಗದ ಗಂಡಸರ ಮೇಲಿನ ಒಂಟಿ ತೆರಿಗೆಯನ್ನು ಮಾತ್ರ ತಪ್ಪದೆ ಕಟ್ಟುತ್ತಿದ್ದ.

ಪ್ರತಿ ಚುನಾವಣೆಗೂ ಛತ್ರದ ಕಿಟಕಿಗೆ ಮೂಗೊತ್ತಿ ಒಳಗಿನ ಮತಪೆಟ್ಟಿಗೆಯನ್ನೇ ನೋಡುತ್ತಿದ್ದ. ಅವನ ನಿಟ್ಟುಸಿರಿಗೆ ಹಡ್ಸನ್ ನದಿಯ ಹಾಯಿಹಡಗುಗಳು ಅರ್ಧ ಮೈಲಿ ಮುಂದೆ ಹೋಗುತ್ತಿದ್ದವು.

ಈ ಸಲ ಪಕ್ಕದಲ್ಲಿ ಮೂಗೊತ್ತಿದ್ದವನು ಚರ್ಮ ಹದಮಾಡುವ ಒಬಡಾಯ. ಅವನಿಗೂ ಓಟಿಲ್ಲ.

“ಕೊರಗ್ಬೇಡ್ವೋ ಮಾರಾಯ. ನಮ್ಮಣ್ಣ ಸತ್ತು ಎಂಟು ವರ್ಷ. ಅತ್ತಿಗೆ ಮೆಹಿಟಬೆಲ್ ನಲವತ್ತೆಕರೆ ಇಟ್ಕೊಂಡು ಓಟು ಹಾಕ್ತಾ ಇದ್ದಾರೆ. ಕಟ್ಕೋ ಅವರನ್ನ! ಹೆಂಡ್ತಿ ಆಸ್ತಿ ಗಂಡಂದು, ಕಾನೂನು.”

ಜೇಬೆಜ್ ಓಡಿದ. ಅಡ್ಡದಾರಿ ಹಿಡಿದು ಒಬಡಾಯ ಚರ್ಮ ನೆನೆಹಾಕುವ ಗುಂಡಿಗೇ ಬಿದ್ದ. ಎದ್ದು ಬಂದಾಗ ಆ ನಾತಕ್ಕೆ ಹಂದಿಗಳೂ ಊರು ಬಿಟ್ಟವು.

ಮೆಹಿಟಬೆಲ್ ಆಗತಾನೆ ಎಲ್ಲಿಂದಲೋ ಬಂದು ಟೋಪಿ ಬಿಚ್ಚುತ್ತಿದ್ದಳು.

“ನನ್ನ ಮದುವೆ ಆಗ್ತೀರಾ?”

“ಎಂಟು ವರ್ಷದಿಂದ ಬೇಲಿ ಹತ್ರ ನಿಂತು ನಿನ್ನ ಸುತ್ತಿಗೆ ಸದ್ದು ಕೇಳ್ತಿದೀನಿ. ಈಗ ಬಂದ್ಯಾ? ಅದೂ ಈ ವಾಸನೆ ಹೊತ್ಕೊಂಡು!” ಎಂದವಳು ಮತ್ತೆ ಟೋಪಿ ಕಟ್ಟಿಕೊಂಡಳು.

ನ್ಯಾಯಾಧೀಶರು ಮೂಗು ಹಿಡಿದುಕೊಂಡೇ ಅರ್ಧ ನಿಮಿಷದಲ್ಲಿ ಮದುವೆ ಮುಗಿಸಿದರು. ಜೇಬೆಜ್ ಛತ್ರಕ್ಕೆ ನುಗ್ಗಿದ.

“ಆಸ್ತಿ ಎಷ್ಟಯ್ಯಾ?” ಅಧಿಕಾರಿ ಕೇಳಿದ.

“ನಲವತ್ತೆಕರೆ! ಹೆಂಡ್ತೀದು. ಅಂದ್ರೆ ನಂದು!”

ಅವನ ಕೈಯಲ್ಲಿದ್ದ ಓಟಿನ ಚೀಟಿ ಮತಪೆಟ್ಟಿಗೆಯಿಂದ ಒಂದು ಗೇಣು ದೂರದಲ್ಲಿತ್ತು. ಹಿಂದಿನಿಂದ ಒಬಡಾಯ ಒಂದು ಕಾಗದ ಚಾಚಿದ.

“ಸ್ವಾಮಿ, ನಮ್ಮಣ್ಣನ ಉಯಿಲು. ಹೆಂಡ್ತಿ ವಿಧವೆಯಾಗಿರೋ ತನಕ ಹೊಲ ಅವಳದು. ಮರುಮದುವೆ ಆದ್ರೆ ತಮ್ಮಂದು. ಜಾಗ ಬಿಡೋ ಜೇಬೆಜ್, ಓಟು ಹಾಕ್ಬೇಕು.”

ಹೊರಗೆ ಮೆಹಿಟಬೆಲ್ ಬಟ್ಟೆಗಂಟಿನ ಮೇಲೆ ಕೂತಿದ್ದಳು.

“ಉಯಿಲಿನ ವಿಷಯ ನಿಂಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಅದೂ ಅಲ್ದೆ ಬೆಳಿಗ್ಗೆನೇ ಓಟು ಹಾಕಿ ಬಂದಿದ್ದೆ.”

“ಯಾರಿಗೆ?”

“ಒಂಟಿ ತೆರಿಗೆ ಮೂರು ಪಟ್ಟು ಮಾಡ್ತೀನಿ ಅಂದೋನಿಗೆ. ಆ ಹೊಡೆತಕ್ಕಾದ್ರೂ ನೀನು ಬೇಲಿ ದಾಟ್ತೀಯೇನೋ ಅಂತ. ಇನ್ನೊಂದು ಗಂಟೆ ಕಾದಿದ್ರೆ ಆ ಓಟು ದಂಡ ಆಗ್ತಿರ್ಲಿಲ್ಲ.”

ಜೇಬೆಜ್ ಮತ್ತೆ ಛತ್ರದ ಕಿಟಕಿಯ ಹತ್ತಿರ ಹೋದ. ಕಿಟಕಿಯ ಗಾಜಿನ ಮೇಲೆ ಅವನ ಮೂಗಿನ ಹಳೆಯ ಗುರುತಿತ್ತು. ಅಲ್ಲಿಗೇ ಮೂಗೊತ್ತಿ, ಪಕ್ಕದಲ್ಲಿ ಅವಳಿಗಷ್ಟು ಜಾಗ ಬಿಟ್ಟು ನಿಂತ.