ವರದಿಗೆ ಮಾರ್ಕ್ಸ್ ಹಾಕಿದ ನಮ್ಮಕ್ಕ

ನಮ್ಮಕ್ಕನನ್ನು ಯಾವ ಮನೆಯ ಜಗಳಕ್ಕೂ ಕರೆಯಬಾರದು. ಬಿಡಿಸುವುದಿಲ್ಲ, ಯಾರ ಪರವನ್ನೂ ವಹಿಸುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತು ಸಂಗೀತ ಕಛೇರಿ ಕೇಳುವವರ ಹಾಗೆ ತಲೆದೂಗುತ್ತಾಳೆ!

ಇದು ಹುಟ್ಟುಗುಣವಲ್ಲ, ಓದಿ ಸಂಪಾದಿಸಿದ್ದು. ವಿಜ್ಞಾನಿಗಳು ಹೇಗೆ ಮಾತಾಡುತ್ತಾರೆ, ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಅವಳು ಡಾಕ್ಟರೇಟ್ ಮಾಡಿದ್ದಾಳೆ. ಗಮನಿಸಿ, ವಿಜ್ಞಾನದ ಮೇಲಲ್ಲ, ವಿಜ್ಞಾನಿಗಳ ಮಾತಿನ ಮೇಲೆ! ಅದಕ್ಕಾಗಿ ವರ್ಷಗಟ್ಟಲೆ ಒಂದು ಪ್ರಯೋಗಾಲಯದ ಮೂಲೆಯಲ್ಲಿ ಕೂತಿದ್ದಳು. ಅಲ್ಲಿಯವರು ಸೂಕ್ಷ್ಮದರ್ಶಕದೊಳಗೆ ನೋಡುತ್ತಿದ್ದರೆ ಇವಳು ಅವರ ಬಾಯಿ ನೋಡುತ್ತಿದ್ದಳು. ಕಂಡುಕೊಂಡದ್ದೇನು ಗೊತ್ತೇ? ತಾವು ಸರಿ ಎನ್ನುವಾಗ ಅವರು "ಪ್ರಯೋಗ ಹೀಗೆ ತೋರಿಸಿದೆ" ಎನ್ನುತ್ತಾರಂತೆ. ಎದುರಾಳಿ ತಪ್ಪು ಎನ್ನುವಾಗ ಪ್ರಯೋಗದ ಸುದ್ದಿಯೇ ಇಲ್ಲ. "ಅವನಿಗೆ ಹಟ, ಅವನ ಗೈಡೂ ಹಾಗೇ ಇದ್ದ" ಎನ್ನುತ್ತಾರಂತೆ.

"ಇಷ್ಟಕ್ಕೆ ಡಾಕ್ಟರೇಟ್ ಕೊಟ್ರಾ?" ಎಂದೆ. "ಹಂಗಾದ್ರೆ ನಮ್ಮ ಆರ್‌ಪಿಸಿ ಲೇಔಟ್ ಪಾರ್ಕಿಗೆ ವಾಕಿಂಗ್ ಬರೋರಿಗೆಲ್ಲಾ ಕೊಡ್ಬೇಕಾಗುತ್ತೆ."

"ಕೊಡ್ಬೇಕು ಕಣೋ. ಅವರ್ಯಾರೂ ಬರೆದಿಲ್ಲ, ಅದೇ ಪ್ರಾಬ್ಲಮ್ಮು."

ಅವಳು ಮನೆಗೆ ಬಂದರೆ ನಾನೂ ನನ್ನ ಹೆಂಡತಿಯೂ ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ಅಳೆದು ತೂಗಿ ಮಾತಾಡುತ್ತೇವೆ. ಹಿಂದೊಮ್ಮೆ ದೋಸೆ ಹಿಟ್ಟು ಚೆನ್ನಾಗಿ ಹುದುಗಿದ್ದಾಗ ನನ್ನ ಹೆಂಡತಿ, "ಏನೇ ಹೇಳಿ, ನನ್ನ ಅಳತೆ ಅಂದ್ರೆ ಅಳತೆ" ಎಂದಿದ್ದಳು. ಮುಂದಿನ ಸಲ ಹುದುಗಲಿಲ್ಲ. "ಈ ಚಳೀಲಿ ಏನ್ ಮಾಡೋಕಾಗುತ್ತೆ ಅತ್ತಿಗೆ?" ಎಂದಳು. ಅಕ್ಕನ ಮುಖ ಅರಳಿತು.

"ನೋಡ್ದ್ಯೇನೋ? ಉಬ್ಬಿದ್ರೆ ಇವಳು, ಉಬ್ಬದಿದ್ರೆ ಹವಾಮಾನ!"

ಅಂದು ನಮಗೆ ಬೆಳಗಿನ ತಿಂಡಿಗೆ ದೋಸೆಯ ಬದಲು ಉಪನ್ಯಾಸ. ನನ್ನ ಹೆಂಡತಿ ಈಗ ಹಿಟ್ಟಿನ ವಿಷಯದಲ್ಲಿ ಮೌನವ್ರತ ಹಿಡಿದಿದ್ದಾಳೆ.

ಅಕ್ಕ ಇರುವುದು ಬಸವೇಶ್ವರನಗರದ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿ ಬೋರ್‌ವೆಲ್ ನೀರಿನ ಬಗ್ಗೆ ಸಭೆ ಸೇರಿತ್ತು. ಒಬ್ಬರು ಒಂದು ಲ್ಯಾಬಿನ ರಿಪೋರ್ಟ್ ಹಿಡಿದು "ಕುಡೀಬಹುದು" ಎಂದರು. ಇನ್ನೊಬ್ಬರು ಬೇರೊಂದು ಲ್ಯಾಬಿನದು ಹಿಡಿದು "ಕುಡೀಬಾರದು" ಎಂದರು. ಗಂಟಲು ಒಣಗುವವರೆಗೂ ಕೂಗಾಡಿದ ಮೇಲೆ ಒಬ್ಬರು ಕೇಳಿದರು: "ಮೇಡಂ, ನೀವು ಇದ್ರಲ್ಲೇ ಪಿಎಚ್‌ಡಿ ಮಾಡಿದೀರಂತಲ್ಲ. ನೀವೇ ಹೇಳ್ಬಿಡಿ. ಕುಡೀಬಹುದಾ?"

"ನೀರಿನ ವಿಷಯ ನಂಗೊತ್ತಿಲ್ಲ ಸಾರ್. ಆದ್ರೆ ಇಬ್ರೂ ಎಷ್ಟು ಸೊಗಸಾಗಿ ವಾದ ಮಾಡಿದ್ರಿ!"

ಆಮೇಲಿನ ಸಭೆಗಳಿಗೆ ಅವಳನ್ನು ಯಾರೂ ಕರೆಯುತ್ತಿಲ್ಲ.

ಇಂಥವಳ ಬಳಿಗೆ ನಾನೇ ಓಡಬೇಕಾದ ಗಳಿಗೆ ಬಂತು. ಶೇವ್ ಮಾಡಿಕೊಳ್ಳುವಾಗ ಕುತ್ತಿಗೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ನಾನೋ, ಕುಕ್ಕರ್ ಸೀಟಿ ತಡವಾದರೆ ಕಿಟಕಿ ಬಾಗಿಲೆಲ್ಲ ತೆರೆದು ಬೀದಿಗೆ ಬಂದು ನಿಲ್ಲುವ ಪ್ರಾಣಿ! ಸ್ಕ್ಯಾನ್ ಆಯಿತು. ಇಂಗ್ಲಿಷಿನಲ್ಲಿದ್ದ ವರದಿಯ ತಾತ್ಪರ್ಯ ಇಷ್ಟು: ಗಂಟು ಅಪಾಯದ್ದಲ್ಲವೆಂದು ತೋರುತ್ತದೆ, ಆದರೂ ಬೇರೆ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಮೊದಲನೆಯ ಮಾತನ್ನು ನಾನು ಓದಲೇ ಇಲ್ಲ. ಎರಡನೆಯದನ್ನು ಹಿಡಿದು ಮನಸ್ಸಿನಲ್ಲೇ ಇನ್ಶೂರೆನ್ಸ್ ವಿಚಾರಿಸಿ, ಮಗಳ ಮದುವೆಯನ್ನೂ ಮುಗಿಸಿದೆ. ಮಗಳಿನ್ನೂ ಹೈಸ್ಕೂಲು!

ಅಕ್ಕ ವರದಿ ಕೈಗೆ ತೆಗೆದುಕೊಂಡು ಪೆನ್ಸಿಲ್ ಹುಡುಕಿದಳು. 'ತೋರುತ್ತದೆ' ಎನ್ನುವಲ್ಲಿ ಅಡಿಗೆರೆ. 'ತಳ್ಳಿಹಾಕಲಾಗದು' ಎನ್ನುವಲ್ಲಿ ದಪ್ಪ ಅಡಿಗೆರೆ, ಪಕ್ಕದಲ್ಲೊಂದು ರೈಟ್ ಮಾರ್ಕು.

"ರೈಟ್ ಯಾಕೆ ಹಾಕ್ದೆ?" ನಾನು ವರದಿಯ ಮೇಲೆ ಬಗ್ಗಿದೆ.

"ಏನ್ ಚೆನ್ನಾಗಿ ಬರ್ದಿದಾರೆ ನೋಡೋ! ನಾಳೆ ಏನಾದ್ರೂ ಆದ್ರೆ ಇವರು ಮೊದ್ಲೇ ಹೇಳಿದ್ರು. ಏನೂ ಆಗ್ಲಿಲ್ಲ ಅಂದ್ರೂ ಇವರೇ ಹೇಳಿದ್ರು."

"ಅಕ್ಕಾ, ನಂಗೆ ಕ್ಯಾನ್ಸರ್ ಇದ್ಯೋ ಇಲ್ವೋ?"

ಪೆನ್ಸಿಲ್ ನಿಂತಿತು. "ಅದು ಈ ವಾಕ್ಯದಲ್ಲಿ ಸಿಗಲ್ಲ ಕಣೋ. ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ."

ವಿಜಯನಗರದ ಡಾಕ್ಟರು ವರದಿ ಬಿಡಿಸಿದವರು ಕನ್ನಡಕ ಸರಿಮಾಡಿಕೊಂಡರು. "ಯಾರ್ರೀ ಇದಕ್ಕೆ ಮಾರ್ಕ್ಸ್ ಹಾಕಿರೋದು?"

ನಾನು ನೆಲ ನೋಡಿದೆ. "ನಾನೇ" ಎಂದಳು ಅಕ್ಕ, ಕಿಂಚಿತ್ತೂ ನಾಚದೆ.

"ಪಾಸಾ?"

"ಫಸ್ಟ್ ಕ್ಲಾಸು ಡಾಕ್ಟ್ರೇ."

ಡಾಕ್ಟರು ನಕ್ಕು, ಗಂಟಿಗೆ ಸೂಜಿ ಚುಚ್ಚಿ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶದ ದಿನ ಅಕ್ಕ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಭಾವನ ಚಪ್ಪಲಿ ಮೆಟ್ಟಿಕೊಂಡು ಕ್ಲಿನಿಕ್ಕಿಗೆ ಬಂದಿದ್ದಳು. ಹೇಳೋಣವೆಂದುಕೊಂಡೆ. ಅವಳ ಮುಖ ನೋಡಿ ಕುರ್ಚಿ ಎಳೆದುಕೊಟ್ಟೆ.

"ಕ್ಯಾನ್ಸರ್ ಅಲ್ಲ. ಆಗಾಗ ಬಂದು ತೋರಿಸ್ಕೊಂಡು ಹೋಗಿ, ಸಾಕು" ಎಂದರು ಡಾಕ್ಟರು.

ನಾನು ಎದ್ದು ನಿಂತೆ. ಅಕ್ಕ ಏಳಲಿಲ್ಲ.

"ಡಾಕ್ಟ್ರೇ, ಇನ್ನೊಂದ್ಸಲ ಹೇಳಿ."

ಡಾಕ್ಟರು ಹುಷಾರಾದರು. "ಯಾಕೆ ಮೇಡಂ, ನಾನು ಹೇಳಿದ್ರಲ್ಲಿ ಏನಾದ್ರೂ ತಪ್ಪಾಯ್ತಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ನನ್ನ ಅಂಗಿಯ ತೋಳು ಅವಳ ಮುಷ್ಟಿಯೊಳಗಿತ್ತು.

"ತಪ್ಪೇನಿಲ್ಲ. ಇವನು ನನ್ನ ತಮ್ಮ. ಸುಮ್ನೆ ಇನ್ನೊಂದ್ಸಲ ಹೇಳಿ."

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು, ಅವಳ ಕಡೆ ತಿರುಗಿ, ನಿಧಾನವಾಗಿ ಹೇಳಿದರು.