ಒಂದು ಲೋಟ ವೆಲ್‌ನೆಸ್

ಚುಂಯ್! ನೆನೆಸಿಟ್ಟ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತಿದಾಗ ಹೊರಡುವ ಸದ್ದು ಅದು. ಕಡಬ ರಸ್ತೆಯ ಬದಿಯ ನಮ್ಮ ಹಾಳೆತಟ್ಟೆ ಫ್ಯಾಕ್ಟರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೆಷಿನುಗಳು ಹೀಗೆ ಚುಂಯ್‌ಗುಟ್ಟುತ್ತಿದ್ದವು. ಅವುಗಳಿಗೂ ಅವುಗಳ ಮುಂದೆ ನಿಂತವರಿಗೂ ನಾನು ಮ್ಯಾನೇಜರ್! ಪುತ್ತೂರಿನ ಮನೆಯಿಂದ ಮೊದಲ ಬಸ್ಸಿಗೆ ಹೊರಟು ಕೊನೆಯ ಬಸ್ಸಿಗೆ ಮರಳುವ ಆ ಕೆಲಸವನ್ನು ನಾನು ಪ್ರೀತಿಸುತ್ತಿದ್ದೆ. ಗಂಡನಿಗಿಂತ ಸ್ವಲ್ಪ ಹೆಚ್ಚೇ ಎನ್ನಬಹುದು.

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು "ಡ್ಯೂಟಿ ಫಸ್ಟ್, ಗರ್ಲ್ಸ್" ಎನ್ನುತ್ತಿದ್ದರು. ಸೆಕೆಂಡ್ ಏನೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಾಗಾಗಿ ನನ್ನ ಮಧ್ಯಾಹ್ನದ ಊಟವೆಂದರೆ ಚಹಾ ಮತ್ತು ಬನ್ಸ್. ನಿದ್ದೆ ಬಸ್ಸಿನಲ್ಲಿ. ಬಿ.ಪಿ. ಮಾತ್ರೆ ನೆನಪಾದಾಗ.

ಮಳೆಗಾಲದಲ್ಲಿ ಹಾಳೆಗೆ ಬೂಸ್ಟು ಹಿಡಿಯುತ್ತದೆ. ಆ ವರ್ಷ ನನ್ನ ತಲೆಗೂ ಹಿಡಿಯಿತು. ದುಂಡು ತಟ್ಟೆ ಕೇಳಿದವರಿಗೆ ಚೌಕ ತಟ್ಟೆ ಕಳಿಸಿದೆ. ಮೀಟಿಂಗಿನಲ್ಲಿ ಗಂಭೀರವಾಗಿ ತಲೆ ತಗ್ಗಿಸಿ ಆಲೋಚಿಸುತ್ತಿದ್ದೇನೆಂದು ಎಲ್ಲರೂ ನಂಬಿದ್ದರು. ಗೊರಕೆ ಬರುವವರೆಗೆ!

ಮಾಲಕರು ನನ್ನನ್ನು ಒಳಗೆ ಕರೆದರು. ಬೆಂಗಳೂರಿನ ಯಾವುದೋ ಸೆಮಿನಾರಿನಿಂದ ಆಗಷ್ಟೇ ಮರಳಿದ್ದ ತರುಣ.

"ಮೇಡಂ, ಮ್ಯಾನೇಜರ್ ಫಿಟ್ ಇದ್ರೆ ಕಂಪನಿ ಫಿಟ್. ರಿಟೈರ್ ಆಗ್ಬೇಕಾದ ನಿಮ್ಗೆ ಇನ್ನೊಂದು ವರ್ಷ ಎಕ್ಸ್‌ಟೆನ್ಷನ್ ಕೊಡುದಾ ಬೇಡ್ವಾ ಅಂತ ನಾನು ನಿಮ್ಮ ವೆಲ್‌ನೆಸ್ ನೋಡಿಯೇ ಹೇಳುದು."

"ಹಾಗಾದ್ರೆ ಒಂದು ವಾರ ರಜೆ ಕೊಡಿ ಸರ್. ರೆಸ್ಟ್ ಮಾಡಿ ಬರ್ತೇನೆ."

"ರಜೆಯಾ? ಅಮಾವಾಸ್ಯೆ ದಿನ ಆರ್ಡರ್ ಕೊಡುವ ಮುಂಬೈಯ ಪಾರ್ಟಿ ನಮ್ಮ ಫ್ಯಾಕ್ಟರಿ ನೋಡ್ಲಿಕ್ಕೆ ಬರುದು ಉಂಟಲ್ಲ! ವೆಲ್‌ನೆಸ್ ಎಲ್ಲ ಕೆಲಸ ಮಾಡ್ತಾ ಮಾಡ್ತಾ ಆಗ್ಬೇಕು ಮೇಡಂ."

ಹೊರಗೆ ಬಂದಾಗ ಸೂಪರ್‌ವೈಸರ್ ಗ್ರೇಸಿ ಬಾಗಿಲಲ್ಲೇ ಇದ್ದಳು. ಅಜ್ಜನ ಕಾಲಕ್ಕೆ ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ರಬ್ಬರ್ ಹಾಕಿದ ಮನೆಯ ಹುಡುಗಿ. ಕೆಲಸ ಕಲಿಸಿದವಳು ನಾನೇ.

"ಎಂತ ಹೇಳಿದ್ರು ಮೇಡಂ?"

"ಆರೋಗ್ಯವಾಗಿರ್ಬೇಕಂತೆ. ಪುರುಸೊತ್ತು ಇಲ್ಲದೆ."

ಆದರೆ ನಾನು ಮ್ಯಾನೇಜರ್ ಅಲ್ಲವೇ? ಅತಿ ಕಡಿಮೆ ಸಮಯದಲ್ಲಿ ಅತಿ ಹೆಚ್ಚು ಆರೋಗ್ಯದ ಉತ್ಪಾದನೆ ಹೇಗೆ ಎಂದು ಯೋಚಿಸಿದೆ. ಉತ್ತರ ಮನೆಯಲ್ಲೇ ಇತ್ತು. ಆಟಿ, ಅಂದರೆ ಆಷಾಢದ, ಅಮಾವಾಸ್ಯೆಯ ಕಷಾಯ! ನಸುಕಿನಲ್ಲಿ ಪಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದ ಜಜ್ಜಿ ತಂದು, ಅರೆದು, ಹಿಂಡಿ, ಬರಿಹೊಟ್ಟೆಯಲ್ಲಿ ಕುಡಿದರೆ ವರ್ಷವಿಡೀ ರೋಗವಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಇಡೀ ವರ್ಷದ ವೆಲ್‌ನೆಸ್, ಒಂದೇ ಗುಟುಕು. ವಾಟ್ ಎಫಿಷಿಯೆನ್ಸಿ!

ಅಮಾವಾಸ್ಯೆಯ ದಿನ ಮಳೆಯಲ್ಲಿ ನೆನೆದು ಕೆತ್ತೆ ತಂದವರು ನನ್ನವರು. ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು ಹಿಂಡಿದವರೂ ಅವರೇ. ಒಂದು ಸಣ್ಣ ಲೋಟ ಕೈಗಿಟ್ಟರು. ನಾನು ಕುಡಿದೆ. ಇನ್ನೊಂದು ಲೋಟ ತುಂಬಿಸಿಕೊಂಡೆ.

"ಎಂತ ಮಾಡ್ತಿ ಮಾರಾಯ್ತಿ? ಅದು ಕಬ್ಬಿನ ಹಾಲಾ?"

"ಎಷ್ಟೋ ವರ್ಷ ಕುಡಿಯದೆ ಬಿಟ್ಟಿದ್ದೇನಲ್ಲ. ಬ್ಯಾಕ್‌ಲಾಗ್ ಕ್ಲಿಯರ್ ಮಾಡುದು."

"ಮೆಂತೆ ಗಂಜಿಯಾದ್ರೂ ಉಣ್ಣು. ಕಷಾಯ ಉಷ್ಣ, ಗಂಜಿ ಬೀಳದಿದ್ರೆ ಹೊಟ್ಟೆ ಕೆಡ್ತದೆ."

"ಬಸ್ಸು ತಪ್ಪುತ್ತದೆ. ಮತ್ತೆ ಗಂಜಿ ಎಲ್ಲ ಕಾರ್ಬ್ಸ್!"

ಉಳಿದ ಕಷಾಯವನ್ನು ಫ್ಲಾಸ್ಕಿಗೆ ಸುರಿದುಕೊಂಡು ಹೊರಟೆ. ನನ್ನವರು ಗಂಜಿಯ ಸೌಟು ಹಿಡಿದುಕೊಂಡೇ ಗೇಟಿನವರೆಗೆ ಬಂದರು.

ಫ್ಯಾಕ್ಟರಿ ತಲುಪುವವರೆಗೆ ನಾನು ದೇದೀಪ್ಯಮಾನಳಾಗಿದ್ದೆ. ಗ್ರೇಸಿಗೆ ಫ್ಲಾಸ್ಕು ಚಾಚಿದೆ. ಅವಳು ಮೂಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಬೇಡ ಮೇಡಂ. ನಮ್ದು ಕೇರಳದವರ ಕರ್ಕಿಡಕ ತಿಂಗಳ ಮದ್ದುಗಂಜಿ ಆಯ್ತು."

ಮಾಲಕರು ಮಾತ್ರ ಹಿಂದೆ ಸರಿಯಲಿಲ್ಲ. ವೆಲ್‌ನೆಸ್ಸಿನ ಪ್ರವಾದಿ ಅಲ್ಲವೇ! "ಬೆಳಿಗ್ಗೆಯಿಂದ ಏನೂ ತಿನ್ಲಿಲ್ಲ ನಾನು. ಒಳ್ಳೇದೇ ಆಯ್ತು," ಎಂದು ಗಟಗಟ ಕುಡಿದು, ಮುಖ ಹಿಂಡಿ, "ಸೂಪರ್ ಮೇಡಂ!" ಎಂದರು. ಎಕ್ಸ್‌ಟೆನ್ಷನ್ ಕೈಗೆ ಬಂದ ಹಾಗೆಯೇ ಅನ್ನಿಸಿತು.

ಮುಂಬೈಯ ಪಾರ್ಟಿ ಕಾರಿನಿಂದ ಇಳಿದರು. "ವೆಲ್‌ಕಮ್ ಟು ಅವರ್..." ಎಂದು ನಾನು ಆರಂಭಿಸಿದೆ. ಹೊಟ್ಟೆಯೊಳಗೆ ಒಂದು ಮೆಷಿನ್ ಸ್ಟಾರ್ಟ್ ಆಯಿತು. ಮಾಲಕರತ್ತ ನೋಡಿದೆ. ಅವರ ಹಣೆಯಲ್ಲಿ ಬೆವರು. ಅಲ್ಲಿಯೂ ಪ್ರೊಡಕ್ಷನ್ ಶುರುವಾಗಿತ್ತು!

ಈಗ ಒಂದು ತಾಂತ್ರಿಕ ವಿವರವನ್ನು ಓದುಗರ ಅವಗಾಹನೆಗೆ ತರಬೇಕು. ಆಫೀಸಿನಲ್ಲಿ ಎರಡು ಟಾಯ್ಲೆಟ್ ಇದ್ದವು. ಒಂದರಲ್ಲಿ ಮಳೆಗಾಲಕ್ಕೆಂದು ಹಾಳೆಯ ಕಟ್ಟುಗಳನ್ನು ಛಾವಣಿಯವರೆಗೆ ಪೇರಿಸಿದ್ದೆವು. ಸ್ಪೇಸ್ ಮ್ಯಾನೇಜ್‌ಮೆಂಟ್. ಐಡಿಯಾ ನನ್ನದೇ. ಅದಕ್ಕೆ ಮೆಚ್ಚುಗೆಯೂ ಸಿಕ್ಕಿತ್ತು.

ಉಳಿದ ಒಂದರ ಕಡೆಗೆ ನಾವಿಬ್ಬರೂ ಏಕಕಾಲಕ್ಕೆ ಪ್ರಯಾಣ ಬೆಳೆಸಿದೆವು. ಸೀನಿಯಾರಿಟಿಯ ಆಧಾರದಲ್ಲಿ ನಾನು ಮೊದಲು ಒಳಹೊಕ್ಕು ಚಿಲಕ ಹಾಕಿದೆ.

"ಮೇಡಂ, ಬೇಗ!"

"ಸರ್, ಸ್ವಲ್ಪ ತಾಳಿ!"

"ತಾಳ್ಲಿಕ್ಕೆ ಆಗುದಿಲ್ಲ ಮೇಡಂ! ನಾನು ಓನರ್!"

ಆ ಬಾಗಿಲು ಓನರನ್ನೂ ಮ್ಯಾನೇಜರನ್ನೂ ಸರದಿಯಂತೆ ನುಂಗಿ ಉಗುಳುತ್ತಿದ್ದ ಹೊತ್ತಿನಲ್ಲಿ ಗ್ರೇಸಿ ಪಾರ್ಟಿಗೆ ಫ್ಯಾಕ್ಟರಿ ಪೂರ್ತಿ ತೋರಿಸಿದಳು. ಒಡೆದ ಹಿಂದಿಯಲ್ಲೇ ಆರ್ಡರ್ ಗಿಟ್ಟಿಸಿದಳು. ಕಾರು ಹೊರಡುವಾಗ ಟಾಟಾ ಮಾಡಲು ನಾನು ಗೋಡೆ ಹಿಡಿದು ಹೊರಗೆ ಬಂದೆ. ಯಾರೋ ರೋಗಿ ಎಂದುಕೊಂಡು ಅವರು ಕೈ ಮುಗಿದರು.

ಮಾಲಕರು ಹತ್ತು ದಿನ ರಜೆ ಹಾಕಿ ರೆಸಾರ್ಟಿಗೆ ಹೋದರು. ರಜೆ ಎಂಬುದು ನಮ್ಮ ಕಂಪನಿಯಲ್ಲಿ ಇತ್ತು ಎಂದು ಆಗ ತಿಳಿಯಿತು. ಅಲ್ಲಿಂದಲೇ ಫೋನ್ ಮಾಡಿದರು: "ಮೇಡಂ, ಹೆಲ್ತ್ ಈಸ್ ವೆಲ್ತ್. ನೀವಿನ್ನು ಮನೆಯಲ್ಲೇ ರೆಸ್ಟ್ ಮಾಡಿ. ಗ್ರೇಸಿ ನೋಡಿಕೊಳ್ತಾಳೆ." ಅಷ್ಟು ವರ್ಷಗಳ ದುಡಿಮೆ ಮುಗಿಯಲು ಅಷ್ಟೇ ಹೊತ್ತು ಸಾಕಾಯಿತು.

ಗ್ರೇಸಿಯನ್ನು ಕೊನೆಯ ಬಾರಿ ನೋಡಿದ್ದು ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ. ನಾನು ಸಂತೆ ಮುಗಿಸಿ ಬರುತ್ತಿದ್ದೆ. ಅವಳು ಕಂಬಕ್ಕೊರಗಿ ನಿಂತೇ ಬನ್ಸ್ ತಿನ್ನುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು.

"ಮೇಡಂ! ಎಂತ ಚಂದ ಆಗಿದ್ದೀರಿ ಮಾರಾಯ್ರೆ! ಬಿ.ಪಿ. ಹೇಗುಂಟು?"

"ನಾರ್ಮಲ್."

"ನಿದ್ದೆ?"

"ಮಧ್ಯಾಹ್ನವೂ ಬರ್ತದೆ."

"ಪುಣ್ಯವಂತರು ನೀವು," ಎಂದಳು. ಅಣಕವಲ್ಲ; ನಿಜವಾದ ಹೊಟ್ಟೆಕಿಚ್ಚು.

"ನೀನು ಹೊತ್ತಿಗೆ ಸರಿಯಾಗಿ ಉಣ್ಣು ಮಗಳೇ. ಓನರು ನಿನ್ನನ್ನು ನೋಡಿಕೊಳ್ಳುದಿಲ್ಲ."

ಅವಳು ಏನೋ ಹೇಳಲು ಬಾಯಿ ತೆರೆದಳು. ಫೋನ್ ಬಂತು. "ಹೇಳಿ ಸರ್. ಇಲ್ಲ ಸರ್, ಎಂತ ಸುಸ್ತು? ಫುಲ್ ಫಿಟ್ ಇದ್ದೇನೆ ಸರ್," ಎನ್ನುತ್ತಲೇ ಕಡಬದ ಬಸ್ಸು ಹತ್ತಿದಳು. ಕಿಟಕಿಯಿಂದ ಕೈಬೀಸಿದಳು, ಅರ್ಧ ಬನ್ಸ್ ಹಿಡಿದ ಕೈ.

ಬಸ್ಸು ತಿರುಗುವಾಗ ಅವಳ ಫೋನ್ ಮತ್ತೆ ರಿಂಗಾಯಿತು. ನನ್ನ ಕೈ ಗಡಿಬಿಡಿಯಿಂದ ಫೋನಿಗಾಗಿ ಸಂತೆ ಚೀಲದೊಳಗೆ ನುಗ್ಗಿ ತಡಕಾಡಿತು.

ಸಿಕ್ಕಿದ್ದು ಹಾಗಲಕಾಯಿ.