ಕೌದಿಯೊಳಗಿನ ಆತ್ಮರಕ್ಷಣೆ

ಬಂದೂಕು ಇರುವ ಮನೆಯ ಜನ ಧೈರ್ಯವಂತರೆಂದು ಊರವರು ತಿಳಿದಿರುತ್ತಾರೆ. ಇಷ್ಟು ವರ್ಷ ನಾನೂ ಅಲ್ಲಗಳೆಯಲು ಹೋಗಲಿಲ್ಲ. ಈಗ ಹೇಳಿಬಿಡುತ್ತೇನೆ: ಮೂವತ್ತು ವರ್ಷ ಬಂದೂಕಿನ ಮನೆಯ ಸೊಸೆಯಾಗಿದ್ದೂ ನಾನು ಹಲ್ಲಿಗೆ ಹೆದರುತ್ತೇನೆ. ನಮ್ಮ ಮನೆ ಇರುವುದು ಹಳಿಯಾಳದ ಹತ್ತಿರದ ಸಾಂಬ್ರಾಣಿ ಊರಿನ ಹೊರಗೆ, ಹೊಲದ ಅಂಚಿನಲ್ಲಿ. ಅದರಾಚೆ ಕಾಡು. ಬೆಳೆ ಕಾಯಲಿಕ್ಕೂ ಆತ್ಮರಕ್ಷಣೆಗೂ ಎಂದು ಮಾವನವರ ಕಾಲದಲ್ಲಿ ಒಂದು ನಳಿಗೆಯ ಬಂದೂಕಿಗೆ ಲೈಸೆನ್ಸ್ ಸಿಕ್ಕಿತ್ತು. ಅವರ ನಂತರ ಅದು ನಮ್ಮ ಮನೆಯವರ ಹೆಸರಿಗೆ ಬಂತು. ನಡುಮನೆಯ ಗೋಡೆಗೆ ಎರಡು ಮರದ ಗೂಟ, ಅವುಗಳ ಮೇಲೆ ಹಳೆಯ ಸೀರೆಯ ತುಂಡುಗಳ ಕೌದಿಯಲ್ಲಿ ಸುತ್ತಿದ ಬಂದೂಕು. ಬಾಗಿಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ. ದೇವರ ಫೋಟೋ ಆಮೇಲೆ.

ನಮ್ಮ ಮನೆಯವರು ಬಹಳ ಜವಾಬ್ದಾರಿಯ ಮನುಷ್ಯ. ಬಂದೂಕಿನಲ್ಲಿ ತೋಟಾ ತುಂಬಿಡಬಾರದು, ತೋಟಾ ಬೇರೆ ಕಡೆ ಬೀಗದೊಳಗಿರಬೇಕು ಎಂದು ಠಾಣೆಯಲ್ಲಿ ಹೇಳಿದ್ದರು. ಇವರು ಅದಕ್ಕಿಂತ ಒಂದು ಕೈ ಮೇಲೆ. ತೋಟಾ ಟ್ರಂಕಿನಲ್ಲಿ, ಟ್ರಂಕಿನ ಕೀಲಿಕೈ ಜೋಳದ ಡಬ್ಬಿಯಲ್ಲಿ, ಡಬ್ಬಿ ಅಟ್ಟದ ಮೇಲೆ, ಅಟ್ಟದ ಏಣಿ ಹಿತ್ತಲಲ್ಲಿ. ಕಳ್ಳ ಬಂದರೆ ಅವನನ್ನು ಕೂಡ್ರಿಸಿ, ಚಹಾ ಕೊಟ್ಟು, ಸ್ವಲ್ಪ ಏಣಿ ಹಿಡಿಯಪ್ಪಾ ಎಂದು ಕೇಳಿಕೊಂಡರೆ ಮಾತ್ರ ನಮ್ಮ ಆತ್ಮರಕ್ಷಣೆ ಸಾಧ್ಯವಿತ್ತು. ಒಮ್ಮೆ ಭತ್ತ ಕೊಯ್ಲಿಗೆ ಬಂದಾಗ ಬೆಳಗಿನ ಹೊತ್ತಿನಲ್ಲೇ ಆನೆಗಳು ಹೊಲಕ್ಕಿಳಿದವು. ಇವರು ಏಣಿ ಹಾಕಿ, ಡಬ್ಬಿ ಇಳಿಸಿ, ಅಂತೂ ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಆನೆಗಳು ಅಷ್ಟು ಹೊತ್ತಿಗೆ ಉಂಡು ಮುಗಿಸಿ ಹೊರಟಿದ್ದವು. ಆ ಸದ್ದಿಗೆ ಹಗ್ಗ ಹರಿದುಕೊಂಡು ಓಡಿದ್ದು ನಮ್ಮ ಎಮ್ಮೆ. ಎರಡು ದಿನ ಹುಡುಕಿ ಹಿಡಿದುಕೊಂಡು ಬಂದೆವು. ವಾರದವರೆಗೆ ಅದು ಹಾಲು ಕೊಡಲಿಲ್ಲ, ನಾನು ಇವರ ಜೊತೆ ಮಾತಾಡಲಿಲ್ಲ.

ಬಂದೂಕು ನಮ್ಮನ್ನು ಕಾಯಲಿ ಎಂದು ಇಟ್ಟುಕೊಂಡದ್ದು, ಕಾದವರು ನಾವು. ಕಳವಾದರೆ, ಯಾರಾದರೂ ಎತ್ತಿ ಏನಾದರೂ ಮಾಡಿದರೆ, ಜವಾಬು ಇವರೇ ಕೊಡಬೇಕು. ಅತ್ತೆಯ ಮೇಲೆ ಬಿಟ್ಟು ಹೋಗೋಣವೆಂದರೆ ಅವರು ಮಜ್ಜಿಗೆಗೆ ಬಂದವರಿಗೆಲ್ಲ ಕೌದಿ ಬಿಚ್ಚಿ ತೋರಿಸುವವರು. ಹಾಗಾಗಿ ಯಾವ ಮದುವೆಗೆ ಹೋದರೂ ಅಕ್ಷತೆ ಬಿದ್ದ ಕೂಡಲೇ ಇವರು ಚಪ್ಪಲಿ ಹುಡುಕುತ್ತಿದ್ದರು. ಬೀಗರ ಫೋಟೋಗಳಲ್ಲೆಲ್ಲ ನಾನು ಒಬ್ಬಳೇ ನಿಂತಿದ್ದೇನೆ. ಆದರೆ ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಹಳಿಯಾಳದ ಠಾಣೆಯಲ್ಲಿ ಜಮಾ ಮಾಡಬೇಕು. ಆ ದಿನಗಳೇ ನಮಗೆ ಹಬ್ಬ. ರಸೀದಿಯನ್ನು ಮಡಚಿ ಜೇಬಿಗಿಟ್ಟು, ಠಾಣೆಯ ಗೇಟಿನಲ್ಲಿ ನಿಂತು, "ಹೂಂ, ನಡಿ, ಎಲ್ಲಿಗೆ ಹೋಗೂಣು?" ಎನ್ನುತ್ತಿದ್ದರು. ಉಳವಿಗೆ ಹೋದದ್ದು ಒಂದು ಚುನಾವಣೆಯಲ್ಲಿ, ಸೂಪಾ ಡ್ಯಾಮು ನೋಡಿದ್ದು ಇನ್ನೊಂದರಲ್ಲಿ. ಯಾರು ಗೆದ್ದರೋ ನೆನಪಿಲ್ಲ. ಮಗಳನ್ನು ಮುಂಡಗೋಡಿಗೆ ಕೊಟ್ಟಾಗಲೂ ಪುಣ್ಯಕ್ಕೆ ಚುನಾವಣೆ ನಡೆದಿತ್ತು. ನಾವಿಬ್ಬರೂ ಕೂಡಿ ನಿಂತ ಫೋಟೋ ಅದೊಂದೇ.

ಕಳೆದ ವರ್ಷ ಒಂದು ಮಧ್ಯಾಹ್ನ ಉಣ್ಣುತ್ತ ಕೂತಿದ್ದ ಇವರು ಎದೆ ಹಿಡಿದುಕೊಂಡರು, ಮತ್ತೆ ಏಳಲಿಲ್ಲ. ಬಂದೂಕು ಅಲ್ಲೇ, ತಲೆಯ ಮೇಲಿನ ಗೂಟದಲ್ಲಿತ್ತು.

ಅವರ ದಿನಕರ್ಮ ಮುಗಿದ ಮೇಲೆ ಠಾಣೆಯಿಂದ ಹವಾಲ್ದಾರರ ಫೋನ್ ಬಂತು. "ಅಕ್ಕಾರ, ಲೈಸನ್ಸ್ ಇದ್ದವರು ಹೋದಮ್ಯಾಲ ಬಂದೂಕ ಮನ್ಯಾಗ ಇಡಾಕ ಬರೂದಿಲ್ರಿ. ಜಮಾ ಮಾಡ್ರಿ, ಇಲ್ಲಂದ್ರ ನಿಮ್ಮ ಹೆಸರಿಗೆ ಅರ್ಜಿ ಹಾಕ್ರಿ."

ಅತ್ತೆ ಆಗಲೇ ತೀರ್ಮಾನ ಮಾಡಿದ್ದರು. "ನಿನ್ನ ಹೆಸರಿಗೇ ಅರ್ಜಿ ಹಾಕಿ ಬಾ, ಗಿರಿಜಾ. ನಿಮ್ಮ ಮಾವ ಹಿಡದದ್ದು, ನನ್ನ ಮಗ ಹಿಡದದ್ದು. ನನ್ನ ಕಣ್ಣ ಮುಂದ ಗ್ವಾಡಿ ಬೋಳ ಆಗಬಾರ್ದು ನೋಡು." ಸ್ವಲ್ಪ ಬಿಟ್ಟು, "ಹೆಂಗೂ ಪ್ಯಾಟಿಗೆ ಹೊಂಟಿ. ನನಗೊಂದು ಉದ್ದ ಕೋಲಿನ ಛತ್ರಿ ತಾ," ಎಂದರು. ಎಂಬತ್ತು ದಾಟಿದವರು. ಮಗ ಹೋದಾಗ ಅಳದೆ ಗೋಡೆ ನೋಡುತ್ತ ಕೂತಿದ್ದರು. ಆ ಗೋಡೆಯ ಮಾತು ಮೀರುವ ಶಕ್ತಿ ನನಗಿರಲಿಲ್ಲ.

ಲೈಸೆನ್ಸಿನ ಪುಸ್ತಕ ಚೀಲದಲ್ಲಿ, ಬಂದೂಕು ಕೌದಿಯಲ್ಲಿ. ಬಸ್ಸು ಹತ್ತಿದೆ. ಕಂಡಕ್ಟರ್ ನನಗೆ ಫ್ರೀ ಟಿಕೀಟು ಹರಿದು ಕೊಟ್ಟು ಗಂಟಿನ ಕಡೆ ನೋಡಿದ. "ಏನ್ರೀ ಅಕ್ಕಾರ, ಕಬ್ಬೇನು?" ನಾನು ಕೌದಿಯ ತುದಿಯನ್ನು ಇನ್ನಷ್ಟು ಒಳಗೆ ತುರುಕಿದೆ. ತಿರುವಿನಲ್ಲಿ ಬಸ್ಸು ವಾಲಿದಾಗ ನಿಂತಿದ್ದ ಒಬ್ಬ ಅಜ್ಜ ನನ್ನ ಗಂಟನ್ನೇ ಗಟ್ಟಿಯಾಗಿ ಹಿಡಿದುಕೊಂಡ.

"ಅಜ್ಜಾರ, ಅದನ್ನ ಬಿಡ್ರಿ."

"ಯಾಕವ್ವಾ, ನಿನ್ನ ಕಬ್ಬು ಮುರೀತೈತೇನು?"

"ಮುರಿಯೂದಿಲ್ರಿ. ನೀವ್ ಬಿಡ್ರಿ."

"ಒಂದು ಕಬ್ಬಿಗೆ ಇಷ್ಟು ಜೀವಾ ಹಿಡಿತಾರು ಈಗಿನ ಮಂದಿ!" ಎಂದು ಅಜ್ಜ ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ಒಳಗೆ ತೋಟಾ ಇಲ್ಲವೆಂದು ನನಗೆ ಗೊತ್ತು. ಆದರೂ ಹಳಿಯಾಳ ಬರುವವರೆಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಆತ್ಮರಕ್ಷಣೆಯನ್ನು ಮಡಿಲಲ್ಲಿಟ್ಟುಕೊಂಡು ಅಷ್ಟು ಹೆದರಿದವಳು ಆ ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ.

ನನ್ನದು ಏಳನೆಯ ತರಗತಿಯ ಅಕ್ಷರವೆಂದು ಹವಾಲ್ದಾರರೇ ಅರ್ಜಿ ತುಂಬಲು ಕೂತರು. ಹೆಸರು, ಊರು, ವಯಸ್ಸು ಆಯಿತು. "ಯಾವ ಉದ್ದೇಶಕ್ಕರಿ? ಆತ್ಮರಕ್ಷಣೆಗೇನು?"

"ಅವರ ಆತ್ಮಕ್ಕ ನಾವಿನ್ನೇನು ರಕ್ಷಣೆ ಮಾಡೂದೈತ್ರಿ? ಅದು ಶಿವನ ಪಾದ ಸೇರೈತಿ," ಎಂದೆ.

ಪೆನ್ನು ನಿಂತಿತು. ಪಕ್ಕದ ಮೇಜಿನ ಪೊಲೀಸರು ಸುಮ್ಮನೆ ಕೆಮ್ಮಿದರು. "ಅವರದಲ್ರಿ ಅಕ್ಕಾರ," ಎಂದರು ಹವಾಲ್ದಾರರು ಮೆಲ್ಲಗೆ. "ಆತ್ಮ ಅಂದ್ರ ಇಲ್ಲಿ ನಿಮ್ಮದು."

"ನನ್ನದನ್ನ ಯಾರು ಒಯ್ತಾರ್ರಿ?"

ಅವರು ನಕ್ಕೇಬಿಟ್ಟರು. ನನಗೂ ನಗು ಬಂತು. ಇವರು ಹೋದಮೇಲೆ ಅದೇ ಮೊದಲು. "ಆತು, ಯಾರಿಂದ ಅಪಾಯ ಐತಿ ಅಂತ ಬರೀಲಿ?" ಎಂದರು. ನಾನು ಕೂತು ಯೋಚಿಸಿದೆ. ಆನೆಗಳಿಗೆ ಬೇಕಾದದ್ದು ಭತ್ತ, ನಾನಲ್ಲ. ಕಳ್ಳರು ಕೌದಿ ನೋಡಿಯೇ ಮುಂದೆ ಹೋಗುತ್ತಾರೆ. ಉಳಿದದ್ದು ಅತ್ತೆಯ ಬಾಯಿ. ಅದನ್ನು ಸರ್ಕಾರದ ಕಾಗದದಲ್ಲಿ ಬರೆಸಲಾಗದು. ನಿಜವಾದ ಅಪಾಯ ಬಂದು ತನ್ನ ಕೆಲಸ ಮುಗಿಸಿಕೊಂಡು ಹೋಗಿತ್ತು. ಇನ್ನು ಇದನ್ನು ಕಾಯುತ್ತ ಕೂತು, ಮಗಳ ಮನೆಯಿಂದಲೂ ಚಪ್ಪಲಿ ಹುಡುಕಿಕೊಂಡು ಓಡಿಬರುವ ಪಾಳಿ ನನ್ನದೇ?

"ಅರ್ಜಿ ಬ್ಯಾಡ್ರಿ," ಎಂದೆ. "ಜಮಾ ಮಾಡ್ಕೋರಿ."

"ಮತ್ತ ಒಯ್ಯೂದಿಲ್ಲೇನ್ರಿ?"

"ಇಲ್ರಿ."

ರಸೀದಿ ಕೊಟ್ಟರು. ಅದೇ ತೆಳು ಕಾಗದ. ಅದನ್ನು ಮಡಚಿಕೊಂಡು ಗೇಟಿನ ತನಕ ಬಂದೆ. ಯಾವ ಕಡೆ ಹೋಗಬೇಕೆಂದು ಯಾರಾದರೂ ಕೇಳುತ್ತಾರೇನೋ ಎಂಬಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆಮೇಲೆ ಅತ್ತೆಯ ಛತ್ರಿ ನೆನಪಾಯಿತು.

ಹೊಸ ಛತ್ರಿ ಮಣ್ಣಾಗದಿರಲಿ ಎಂದು ಕೌದಿಯಲ್ಲೇ ಸುತ್ತಿದೆ. ಹೊಸ್ತಿಲಲ್ಲಿ ಕೂತಿದ್ದ ಅತ್ತೆ ಉದ್ದನೆಯ ಗಂಟನ್ನು ದೂರದಿಂದಲೇ ನೋಡಿ ಎದ್ದು ನಿಂತರು. ಮುಖ ಅರಳಿತ್ತು. ಅವರ ಆ ಮುಖ ನೋಡಿ ಬಸ್ಸಿನಲ್ಲಿ ಕಲಿತುಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಅತ್ತಿ, ಅದು ನಿಮ್ಮ ಛತ್ರಿ ರೀ," ಎಂದೆ.

ಅವರು ಕೌದಿಯನ್ನು ಮುಟ್ಟಿ ನೋಡಿದರು. ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡರು. ಅಷ್ಟರಲ್ಲಿ ಪಕ್ಕದ ಹೊಲದ ಶಂಕ್ರವ್ವ ಬದುವಿನ ಮೇಲಿಂದ ಕೂಗಿದಳು: "ಬಂದೂಕ ತಿರುಗಿ ಕೊಟ್ರೇನ್ ಬೇ?"

"ಮನಿ ಸಾಮಾನು ಮನ್ಯಾಗಿರದ ಎಲ್ಲಿಗೆ ಹೊಕ್ಕೈತಿ?" ಎಂದು ಅತ್ತೆ ಗಟ್ಟಿಯಾಗಿ ಹೇಳಿ, ಗಂಟನ್ನು ನನ್ನ ಕೈಗೆ ಕೊಟ್ಟು, ಕಣ್ಣಿನಿಂದಲೇ ಗೂಟ ತೋರಿಸಿದರು.

ಈಗ ನಡುಮನೆಯ ಗೋಡೆ ಬೋಳಾಗಿಲ್ಲ. ಊರಲ್ಲಿ ನಮ್ಮ ಧೈರ್ಯದ ಹೆಸರೂ ಕೆಟ್ಟಿಲ್ಲ. ಮಹಾನವಮಿಗೆ ಆಯುಧಗಳಿಗೆ ಮಾಡುವ ಖಂಡೇಪೂಜೆಯಲ್ಲಿ ಅತ್ತೆ ಅದಕ್ಕೆ ವಿಭೂತಿಯನ್ನೂ ಹಚ್ಚಿದರು. ಒಂದೇ ತೊಂದರೆಯೆಂದರೆ, ಮಳೆ ಬಂದರೆ ಅದನ್ನು ಹೊರಗೆ ತೆಗೆಯುವಂತಿಲ್ಲ, ಗುಟ್ಟು ರಟ್ಟಾಗುತ್ತದೆ. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನೆನೆಯುತ್ತ ಹೊಲಕ್ಕೆ ಹೋಗಿಬರುತ್ತೇನೆ. ಮೊನ್ನೆ ಮುಂಡಗೋಡಿನಿಂದ ಮಗಳು ಫೋನ್ ಮಾಡಿ, ಇಬ್ಬರೂ ಬಂದು ನಾಲ್ಕು ದಿನ ಇದ್ದು ಹೋಗ್ರಿ ಎಂದಳು. ಇನ್ನೇನು ಅಡ್ಡಿಯೆಂದು ನಾನು ಸೀರೆ ಮಡಚುತ್ತಿದ್ದೆ. ಅತ್ತೆ ಗೋಡೆಯ ಕಡೆ ನೋಡಿ, "ಇದನ್ನೊಂದನ್ನ ಬಿಟ್ಟು ಹೆಂಗ ಹೋಗೂದು?" ಎಂದರು. ನಾನೊಬ್ಬಳೇ ಹೋದೆ. ಮಜ್ಜಿಗೆಗೆ ಬಂದವರು ಎಲ್ಲಿ ಕೌದಿ ಬಿಚ್ಚಿಸುತ್ತಾರೋ ಎಂದು, ಊಟ ಮುಗಿಯುತ್ತಲೇ ಚಪ್ಪಲಿ ಹುಡುಕಿದೆ. ಛತ್ರಿಗಳನ್ನೂ ಜಮಾ ಮಾಡಿಸಿಕೊಳ್ಳುವ ಚುನಾವಣೆ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೇನೆ.